ನೀರಿಗಿಳಿದ ಲಾರಿಗಳು: ಒಂದಿಷ್ಟು ಲೆಕ್ಕ, ಒಂದಿಷ್ಟು ಕಥೆ

ನಮ್ಮ ತಂಡದಲ್ಲಿ ಮಂಡ್ಯದವರು, ಮದ್ದೂರಿನವರು, ಮಳವಳ್ಳಿಯವರು ಮೂರೂ ಕಡೆಯವರು ಇದ್ದೇವೆ. ಹಾಗಾಗಿ ನೀರಿನ ಮಾತು ಬಂದರೆ ನಮ್ಮಲ್ಲಿ ಯಾರೂ ಸುಮ್ಮನಿರೋದಿಲ್ಲ. ಒಬ್ಬರಿಗೆ ವಿ.ಸಿ. ನಾಲೆ, ಒಬ್ಬರಿಗೆ ಶಿಂಷಾ, ಇನ್ನೊಬ್ಬರಿಗೆ ಮುತ್ತತ್ತಿಯ ಕಾವೇರಿ. ಕಳೆದ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಾ ಹೊಳೆದಂಡೆಯಲ್ಲಿ ಕೂತಿದ್ದಾಗ, ಹರಿಗೋಲು ಹಾಕುವ ಅಜ್ಜನೊಬ್ಬರನ್ನು ಕೇಳಿದೆವು: "ಅಜ್ಜ, ಲಾರಿನೇ ನೀರಿನ ಮೇಲೆ ಹೋಗೋ ಹಂಗಿದ್ರೆ ಹೆಂಗೆ?" ಅವರು ನಕ್ಕು ಹೇಳಿದ್ದು ಇಷ್ಟು: "ಹರಿಗೋಲು ನೀರಿನ್ ಮ್ಯಾಲೆ ಕೂತ್ಕತದೆ ಕಣಪ್ಪ. ಲಾರಿ ನೀರೊಳಕ್ಕೆ ಕೂತ್ಕತದೆ. ಅಷ್ಟೇಯ."

ಆ "ಅಷ್ಟೇಯ" ಎನ್ನುವುದರೊಳಗೆ ಎಷ್ಟು ಎಂಜಿನಿಯರಿಂಗ್ ಇದೆ ಅಂತ ಹುಡುಕಿದ್ದೇ ಈ ಲೇಖನ. ನೆಲದಲ್ಲೂ ನೀರಲ್ಲೂ ಓಡುವ ಸೇನಾ ಲಾರಿಗಳನ್ನು, ಅಂದರೆ ಉಭಯಚರ ಲಾರಿಗಳನ್ನು, ಹಲವು ದೇಶಗಳು ಮಾಡಿ ನೋಡಿವೆ. ಬಹಳಷ್ಟು ಮಾದರಿಗಳು ಪರೀಕ್ಷೆಯ ಹಂತದಲ್ಲೇ ನಿಂತುಹೋದವು. ಯಾಕೆ ನಿಂತವು, ಉಳಿದವು ಈಗ ಎಲ್ಲಿವೆ, ಅವುಗಳಿಂದ ನಾವು ಕಲಿಯೋದೇನು? ಒಂದೊಂದಾಗಿ ನೋಡೋಣ.

ಮೊದಲು ತೇಲುವ ಲೆಕ್ಕ

ಆರ್ಕಿಮಿಡೀಸ್ ಹೇಳಿದ್ದು ಹೈಸ್ಕೂಲಲ್ಲೇ ಓದಿದ್ದೇವೆ. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಒಂದು ಘನ ಮೀಟರ್ ನೀರು ಅಂದರೆ 1000 ಕೆ.ಜಿ.

ಹರಿಗೋಲಿನಿಂದ ಶುರು ಮಾಡೋಣ. ವ್ಯಾಸ 2.4 ಮೀಟರ್ ಎಂದಿಟ್ಟುಕೊಂಡರೆ ತಳದ ವಿಸ್ತೀರ್ಣ ಸುಮಾರು 4.5 ಚದರ ಮೀಟರ್. ತಲಾ 60 ಕೆ.ಜಿ.ಯ ಎಂಟು ಜನ ಮತ್ತು ಹರಿಗೋಲಿನದೇ ಒಂದು 60 ಕೆ.ಜಿ. ಸೇರಿ 540 ಕೆ.ಜಿ. ಇದನ್ನು ಹೊರಲು ಹರಿಗೋಲು 12 ಸೆಂ.ಮೀ. ಮುಳುಗಿದರೆ ಸಾಕು. ಅಜ್ಜ ಹೇಳಿದಂತೆ ಅದು ನಿಜವಾಗಿಯೂ ನೀರಿನ ಮೇಲೆ ಕೂತಿದೆ.

ಈಗ ಕಾರು. ತಳ 4 ಮೀಟರ್ ಉದ್ದ, 1.7 ಮೀಟರ್ ಅಗಲ, ತೂಕ 1000 ಕೆ.ಜಿ. ಬಾಗಿಲು, ತಳ ಎಲ್ಲೂ ಸೋರದಿದ್ದರೆ ನೀರು ತಳದಿಂದ 15 ಸೆಂ.ಮೀ. ಮೇಲೇರಿದಾಗಲೇ ಕಾರು ತೇಲಬೇಕು. ನೆಲದಿಂದ ತಳಕ್ಕೆ 17 ಸೆಂ.ಮೀ. ಅಂತರ ಸೇರಿಸಿ: 32 ಸೆಂ.ಮೀ., ಅಂದರೆ ಒಂದಡಿಗಿಂತ ಸ್ವಲ್ಪ ಹೆಚ್ಚು. ಮೊಣಕಾಲಿಗೂ ಬಾರದ ನೀರು! ಅಷ್ಟರಲ್ಲೇ ಚಕ್ರಕ್ಕೆ ನೆಲದ ಹಿಡಿತ ತಪ್ಪುತ್ತದೆ, ಸ್ಟೇರಿಂಗ್ ತಿರುಗಿಸಿದರೂ ಪ್ರಯೋಜನವಿಲ್ಲ. ಕಾರು ಚೆನ್ನಾಗಿ ತೇಲುವುದಕ್ಕೂ ಆಗದೆ, ನೆಲದ ಮೇಲೆ ನಿಲ್ಲುವುದಕ್ಕೂ ಆಗದೆ ಹರಿವಿನ ಜೊತೆ ಹೋಗುತ್ತದೆ. ಆಮೇಲೆ ಸಂದುಗಳಿಂದ ನೀರು ನುಗ್ಗಿ ಮುಳುಗುತ್ತದೆ.

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಕೆರೆಯಾದಾಗ ಐ.ಟಿ. ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದನ್ನು ನಾವೆಲ್ಲ ಫೋನಲ್ಲಿ ನೋಡಿದೆವು. ಟ್ರ್ಯಾಕ್ಟರ್ ಯಾಕೆ ಹೋಯಿತು? ಅದು ತೇಲಲಿಲ್ಲ, ಅದಕ್ಕೇ ಹೋಯಿತು. ಅದಕ್ಕೆ ಗಾಳಿ ತುಂಬಿದ ಪೆಟ್ಟಿಗೆಯಂಥ ಮೈಯಿಲ್ಲ. ನೀರು ಅಡಿಯಲ್ಲಿ, ಪಕ್ಕದಲ್ಲಿ ಹಾದುಹೋಗುತ್ತದೆ, ತೂಕವೆಲ್ಲ ಚಕ್ರದ ಮೂಲಕ ನೆಲದ ಮೇಲೇ ಇರುತ್ತದೆ. ಅಂದರೆ ನೀರು ದಾಟಲು ಎರಡೇ ದಾರಿ: ಟ್ರ್ಯಾಕ್ಟರ್‌ನಂತೆ ಪೂರ್ತಿ ನೆಲ ಹಿಡಿ, ಇಲ್ಲಾಂದ್ರೆ ಹರಿಗೋಲಿನಂತೆ ಪೂರ್ತಿ ತೇಲು. ಉಭಯಚರ ಲಾರಿ ಎರಡನ್ನೂ ಮಾಡಬೇಕು. ಕಷ್ಟ ಶುರುವಾಗುವುದೇ ಅಲ್ಲಿ.

ಗೆದ್ದ ಒಂದು ಮಾದರಿ: ಡಕ್

ಎರಡನೇ ಮಹಾಯುದ್ಧದಲ್ಲಿ ಬಂದರಿಲ್ಲದ ಕಡಲತೀರದಲ್ಲಿ ಹಡಗಿನಿಂದ ಸಾಮಾನು ಇಳಿಸುವುದು ಹೇಗೆ ಅನ್ನೋದು ಅಮೆರಿಕದ ಸೇನೆಗೆ ದೊಡ್ಡ ತಲೆನೋವಾಗಿತ್ತು. 1942ರಲ್ಲಿ ಜಿ.ಎಂ.ಸಿ. ಕಂಪನಿಯ ಆರು ಚಕ್ರದ ಲಾರಿಗೆ ದೋಣಿಯ ಮೈ ಹೊದಿಸಿ, ಹಿಂದೆ ಪ್ರೊಪೆಲರ್ ಕೂರಿಸಿದರು. ಮೈಯ ವಿನ್ಯಾಸ ಮಾಡಿದ್ದು ಹಾಯಿದೋಣಿಗಳಿಗೆ ಹೆಸರಾಗಿದ್ದ ರಾಡ್ ಸ್ಟೀಫನ್ಸ್. ಕಂಪನಿಯ ಸಂಕೇತದಂತೆ ಅದರ ಹೆಸರು ಡಿ.ಯು.ಕೆ.ಡಬ್ಲ್ಯು. 'ಡಿ' ಎಂದರೆ 1942ನೇ ಇಸವಿ, 'ಯು' ಎಂದರೆ ಬಹೂಪಯೋಗಿ, 'ಕೆ' ಎಂದರೆ ಮುಂದಿನ ಚಕ್ರಕ್ಕೂ ಶಕ್ತಿ, 'ಡಬ್ಲ್ಯು' ಎಂದರೆ ಹಿಂದಿನ ಎರಡೂ ಅಚ್ಚುಗಳಿಗೆ ಶಕ್ತಿ. ಸೈನಿಕರ ಬಾಯಲ್ಲಿ ಇದೇ 'ಡಕ್', ಬಾತುಕೋಳಿ, ಆಯಿತು.

ಸೇನೆಗೆ ಮೊದಲು ಇದರ ಮೇಲೆ ನಂಬಿಕೆ ಬರಲಿಲ್ಲ. ಆದರೆ ಪ್ರಾವಿನ್ಸ್‌ಟೌನ್ ಎಂಬಲ್ಲಿ ಪರೀಕ್ಷೆಗೆ ತಂದಿದ್ದ ಹೊತ್ತಿನಲ್ಲೇ ಕರಾವಳಿ ಕಾವಲು ಪಡೆಯ ದೋಣಿಯೊಂದು ಬಿರುಗಾಳಿಗೆ ಸಿಕ್ಕಿ ಮರಳದಿಬ್ಬಕ್ಕೆ ಬಡಿಯಿತು. ಬೇರೆ ದೋಣಿಗಳು ಹತ್ತಿರ ಹೋಗಲಾರದ ಅಲೆಯಲ್ಲಿ ಡಕ್ ಹೋಗಿ ಏಳು ಜನರನ್ನು ಕರೆತಂದಿತು. ಆಮೇಲೆ ಅನುಮಾನ ಉಳಿಯಲಿಲ್ಲ. ಒಟ್ಟು 21,000ಕ್ಕೂ ಹೆಚ್ಚು ಡಕ್‌ಗಳು ತಯಾರಾದವು. ಸಿಸಿಲಿ, ನಾರ್ಮಂಡಿ ತೀರಗಳಲ್ಲಿ ದುಡಿದವು. 1945ರಲ್ಲಿ ಭಾರತೀಯ ಸೈನಿಕರೇ ಹೆಚ್ಚಾಗಿದ್ದ 14ನೇ ಸೇನೆ ಬರ್ಮಾದ ಇರಾವತಿ ನದಿ ದಾಟಿದಾಗಲೂ ಇವು ಜೊತೆಗಿದ್ದವು.

ಲೆಕ್ಕ ನೋಡಿ. ಡಕ್‌ನ ಉದ್ದ 9.4 ಮೀಟರ್, ಅಗಲ 2.5 ಮೀಟರ್, ಖಾಲಿ ತೂಕ ಸುಮಾರು 5.9 ಟನ್, ಹೊರೆ 2.3 ಟನ್. ಒಟ್ಟು 8.2 ಟನ್ನಿಗೆ 8.2 ಘನ ಮೀಟರ್ ನೀರು ಸರಿಸಬೇಕು. ಚೌಕ ಪೆಟ್ಟಿಗೆಯಾಗಿದ್ದರೆ 35 ಸೆಂ.ಮೀ. ಮುಳುಗಿದರೆ ಸಾಕಿತ್ತು. ಆದರೆ ಮೂತಿ ಓರೆ, ಚಕ್ರಗಳಿಗೆ ಗೂಡು, ಪ್ರೊಪೆಲರ್‌ಗೆ ಸುರಂಗ. ಹೀಗೆ ತೇಲಿಸುವ ಜಾಗವೆಲ್ಲ ಕಡಿತವಾಗಿ ಅದು ಇದಕ್ಕಿಂತ ಬಹಳ ಆಳಕ್ಕೆ ಇಳಿಯುತ್ತದೆ.

ಇದರ ಇನ್ನೊಂದು ಜಾಣತನ ಟೈರಿನದು. ಚಾಲಕ ಕೂತಲ್ಲಿಂದಲೇ ಟೈರಿನ ಗಾಳಿ ಇಳಿಸಬಹುದು, ಏರಿಸಬಹುದು. ಮರಳಲ್ಲಿ ಗಾಳಿ ಕಡಿಮೆ ಮಾಡಿದರೆ ಟೈರು ಅಗಲವಾಗಿ ಹರಡಿಕೊಂಡು ಹೂತುಕೊಳ್ಳುವುದಿಲ್ಲ. ಡಾಂಬರಿಗೆ ಬಂದಾಗ ಮತ್ತೆ ತುಂಬಿಸಿಕೊಳ್ಳಬಹುದು.

ಯಾಕಿಷ್ಟು ನಿಧಾನ?

ನೆಲದಲ್ಲಿ ಗಂಟೆಗೆ 80 ಕಿ.ಮೀ. ಓಡುವ ಡಕ್ ನೀರಲ್ಲಿ ಹೋಗುತ್ತಿದ್ದದ್ದು ಬರೀ 10 ಕಿ.ಮೀ. ದೊಡ್ಡ ಎಂಜಿನ್ ಹಾಕಬಹುದಿತ್ತಲ್ವಾ? ಆಗೋದಿಲ್ಲ. ನೀರಿನ ತಡೆ ವೇಗದ ವರ್ಗಕ್ಕೆ ತಕ್ಕಂತೆ, ಬೇಕಾಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡರಷ್ಟು ಬೇಕಾದರೆ ಶಕ್ತಿ ಎಂಟರಷ್ಟು ಬೇಕು. ಡಕ್‌ನ ಎಂಜಿನ್ ಇದ್ದದ್ದು 90 ಚಿಲ್ಲರೆ ಅಶ್ವಶಕ್ತಿ. 20 ಕಿ.ಮೀ. ವೇಗಕ್ಕೆ 700 ದಾಟುತ್ತದೆ!

ಇಷ್ಟೇ ಅಲ್ಲ. ನೀರನ್ನು ಸೀಳಿಕೊಂಡು ಹೋಗುವ ದೋಣಿ ತನ್ನದೇ ಅಲೆಯ ಹಳ್ಳದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅದರ ಮಿತಿಗೆ ಒಂದು ಸರಳ ಸೂತ್ರವಿದೆ: ಗಂಟೆಗೆ ಕಿ.ಮೀ. = 4.5 × √ಉದ್ದ (ಮೀಟರ್‌ನಲ್ಲಿ). 9.4 ಮೀಟರಿಗೆ ಇದು ಸುಮಾರು 14 ಕಿ.ಮೀ. ಇದನ್ನು ಮೀರಬೇಕಾದರೆ ನೀರಿನ ಮೇಲೆ ಜಾರುವ ಚಪ್ಪಟೆ ತಳ ಬೇಕು. ಚಕ್ರ, ಅಚ್ಚು ನೇತಾಡುವ ಲಾರಿಗೆ ಅದು ಎಲ್ಲಿಂದ ಬರಬೇಕು?

ನಿಂತುಹೋದ ಮಾದರಿಗಳು

ಬ್ರಿಟಿಷರು ಟೆರಪಿನ್ ಎಂಬ ಎಂಟು ಚಕ್ರದ ವಾಹನ ಮಾಡಿದರು. ಎರಡು ಎಂಜಿನ್: ಒಂದು ಬಲಗಡೆಯ ಚಕ್ರಗಳಿಗೆ, ಇನ್ನೊಂದು ಎಡಗಡೆಗೆ. ಒಂದು ಕೆಟ್ಟರೆ? ಒಂದೇ ಎತ್ತು ಎಳೆದ ಗಾಡಿಯಂತೆ ಗಿರ್ರನೆ ತಿರುಗುವ ಅಪಾಯ. 1944ರಲ್ಲಿ ಶೆಲ್ಟ್ ನದೀಮುಖದ ಕಾಳಗದಲ್ಲಿ ಬಳಸಿದರು. ಸುಧಾರಿಸಿದ ಎರಡನೇ ಟೆರಪಿನ್ ಮಾದರಿಯ ಹಂತ ದಾಟಲಿಲ್ಲ. ಸೋವಿಯತ್ ಒಕ್ಕೂಟ ಡಕ್ ನೋಡಿಯೇ ಬಿ.ಎ.ವಿ. ಮಾಡಿತು. ಹಿಂದೆ ಇಳಿಸುವ ಬಾಗಿಲಿಟ್ಟದ್ದು ಅವರು ಮಾಡಿದ ಒಳ್ಳೆಯ ಬದಲಾವಣೆ. ಡಕ್‌ನಲ್ಲಿ ಎಲ್ಲವನ್ನೂ ಪಕ್ಕದ ಗೋಡೆಯ ಮೇಲಿಂದ ಎತ್ತಿ ಇಳಿಸಬೇಕಿತ್ತು.

1950ರ ದಶಕದಲ್ಲಿ ಅಮೆರಿಕ 'ಸೂಪರ್ ಡಕ್' ಮತ್ತು ಎಂಟು ಚಕ್ರ, ಎರಡು ಎಂಜಿನ್ನಿನ 'ಡ್ರೇಕ್' ಎಂಬ ಮಾದರಿಗಳನ್ನು ಪರೀಕ್ಷಿಸಿತು. ಎರಡೂ ದೊಡ್ಡ ಪ್ರಮಾಣದ ತಯಾರಿಕೆಗೆ ಹೋಗಲಿಲ್ಲ. ಅವರ ಯೋಚನೆಯೇ ಬದಲಾಗಿತ್ತು. ಲಾರಿಗೆ ದೋಣಿಯ ಮೈ ಹೊದಿಸುವ ಬದಲು, ದೋಣಿಗೇ ಚಕ್ರ ಜೋಡಿಸಿದರು. ಅದೇ 'ಲಾರ್ಕ್'. ಅದರಲ್ಲಿ 60 ಟನ್ ಹೊರುವ ದೈತ್ಯವೂ ಇತ್ತು, ನಾಲ್ಕು ಚಕ್ರಕ್ಕೆ ನಾಲ್ಕು ಎಂಜಿನ್. ಅಂಥದ್ದೊಂದನ್ನು ವರ್ಜೀನಿಯಾದ ಫೋರ್ಟ್ ಯೂಸ್ಟಿಸ್‌ನಲ್ಲಿರುವ ಸೇನಾ ಸಾರಿಗೆ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ.

ಉಳಿದವು ಹೇಳುವ ಪಾಠ

ಉಳಿದ ವಾಹನಗಳಲ್ಲಿ ನಮಗೆ ತುಂಬ ಇಷ್ಟವಾದದ್ದು 'ಹಾಫ್-ಸೇಫ್'. ಬೆನ್ ಕಾರ್ಲಿನ್ ಎಂಬ ಆಸ್ಟ್ರೇಲಿಯಾದ ಎಂಜಿನಿಯರ್ ಯುದ್ಧಕಾಲದಲ್ಲಿ ಭಾರತೀಯ ಸೇನೆಯಲ್ಲಿದ್ದರು. 1946ರಲ್ಲಿ ಬಂಗಾಳದ ಕಲೈಕುಂಡ ವಿಮಾನನಿಲ್ದಾಣದಲ್ಲಿ ಗುಜರಿಯಂತೆ ನಿಂತಿದ್ದ ಫೋರ್ಡ್ ಜಿ.ಪಿ.ಎ., ಅಂದರೆ ತೇಲುವ ಜೀಪು, ಕಣ್ಣಿಗೆ ಬಿತ್ತು. ಇದರಲ್ಲಿ ಪ್ರಪಂಚ ಸುತ್ತಬಹುದು ಅಂದರು. ಅಂಥದ್ದೇ ಒಂದನ್ನು ಕೊಂಡು, ಹಲವು ಸಲ ಸೋತು, 1950ರಲ್ಲಿ ಹೆಂಡತಿಯೊಂದಿಗೆ ಅಟ್ಲಾಂಟಿಕ್ ದಾಟಿದರು. ಕಲ್ಕತ್ತಕ್ಕೂ ಬಂದರು. 1958ರಲ್ಲಿ ಸುತ್ತು ಮುಗಿದಾಗ ಸಮುದ್ರದಲ್ಲಿ 17,000 ಕಿ.ಮೀ., ನೆಲದಲ್ಲಿ 62,000 ಕಿ.ಮೀ. ಆಗಿತ್ತು. ಆ ಜೀಪು ಈಗ ಪರ್ತ್‌ನಲ್ಲಿ, ಅವರು ಓದಿದ ಶಾಲೆಯಲ್ಲಿದೆ.

ಎಲ್ಲ ಕಥೆಯೂ ಹೀಗಿಲ್ಲ. ಯುದ್ಧದ ನಂತರ ಅಮೆರಿಕದಲ್ಲಿ ಹಳೆಯ ಡಕ್‌ಗಳಿಗೆ ಮೇಲೆ ಚಾವಣಿ ಹಾಕಿ ಪ್ರವಾಸಿಗರನ್ನು ಕೂರಿಸಿದರು. ಮೂಲ ಡಕ್‌ನಲ್ಲಿ ಎರಡಿಂಚಿನ ತೂತು ಬಿದ್ದರೂ ನೀರು ಹೊರಹಾಕಿ ತೇಲಿಸಬಲ್ಲ ಪಂಪ್ ಇತ್ತು. ಆ ತೂತು ಎಷ್ಟು ನೀರು ಬಿಡುತ್ತದೆ ಗೊತ್ತಾ? ನೀರಿನ ಮಟ್ಟಕ್ಕಿಂತ 60 ಸೆಂ.ಮೀ. ಕೆಳಗಿದ್ದರೆ ವೇಗ √(2gh), ಅಂದರೆ ಸೆಕೆಂಡಿಗೆ 3.4 ಮೀಟರ್. ವಿಸರ್ಜನ ಗುಣಾಂಕ 0.6 ಹಿಡಿದರೆ ಸೆಕೆಂಡಿಗೆ 4 ಲೀಟರ್. ಹತ್ತು ನಿಮಿಷಕ್ಕೆ 2400 ಲೀಟರ್, ಅಂದರೆ ಡಕ್ ಹೊರಬಲ್ಲ ಪೂರ್ತಿ ಹೊರೆ!

1999ರ ಮೇ 1ರಂದು ಅರ್ಕನ್ಸಾಸ್‌ನ ಹ್ಯಾಮಿಲ್ಟನ್ ಸರೋವರದಲ್ಲಿ ಆದದ್ದು ಹೆಚ್ಚುಕಡಿಮೆ ಇದೇ. ಶಾಫ್ಟ್ ಹೊರಬರುವ ಜಾಗದ ರಬ್ಬರ್ ಸೀಲು ಕಳಚಿತು. ಮೂಲದ ದೊಡ್ಡ ಪಂಪು ಆಗ ಆ ವಾಹನದಲ್ಲಿ ಇರಲಿಲ್ಲ. ಚಾವಣಿ ಇದ್ದುದರಿಂದ ಜನ ಹೊರಬರಲಾಗಲಿಲ್ಲ. 13 ಜನ ಸತ್ತರು. ತನಿಖೆ ಮಾಡಿದವರು ಮೀಸಲು ತೇಲುವಿಕೆ ಇರಲಿ, ಅಂದರೆ ನೀರು ತುಂಬಿದರೂ ತೇಲುವಷ್ಟು ಮುಚ್ಚಿದ ಗಾಳಿಕೋಣೆ ಅಥವಾ ಫೋಮ್ ಇರಲಿ ಎಂದರು. ಆದರೂ 2018ರ ಜುಲೈ 19ರಂದು ಮಿಸ್ಸೂರಿಯ ಟೇಬಲ್ ರಾಕ್ ಸರೋವರದಲ್ಲಿ ಬಿರುಗಾಳಿಗೆ ಸಿಕ್ಕಿ ಇಂಥದ್ದೇ ವಾಹನ ಮುಳುಗಿ 17 ಜನ ಹೋದರು.

ಅದೇ 2018ರ ನವೆಂಬರ್ 24ನ್ನು ನಮ್ಮ ಜಿಲ್ಲೆ ಮರೆತಿಲ್ಲ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ತೀರಿಕೊಂಡರು, ಅದರಲ್ಲಿ ಶಾಲಾ ಮಕ್ಕಳೂ ಇದ್ದರು. ಈ ಲೆಕ್ಕಗಳನ್ನು ಬೋರ್ಡಿನ ಮೇಲೆ ಹಾಕುವಾಗ ನಮ್ಮಲ್ಲಿ ಒಂದಿಬ್ಬರು ಸುಮ್ಮನಾಗಿಬಿಟ್ಟರು. ತೇಲಲೆಂದು ಮಾಡಿದ ವಾಹನದಲ್ಲೇ ಹೊರಬರುವ ದಾರಿ ಮುಚ್ಚಿದರೆ ಹೀಗಾಗುತ್ತದೆ ಎಂದಮೇಲೆ, ಮಾಮೂಲಿ ಬಸ್ಸಿನ ತುರ್ತು ಬಾಗಿಲು, ನಾಲೆಯ ತಡೆಗೋಡೆ ಎಷ್ಟು ಮುಖ್ಯ ಎಂದು ಬೇರೆ ಹೇಳಬೇಕಿಲ್ಲ.

ನಮ್ಮ ದೇಶದಲ್ಲಿ

1971ರ ಡಿಸೆಂಬರ್‌ನಲ್ಲಿ ನಮ್ಮ ಸೇನೆ ಮೇಘನಾ ನದಿ ದಾಟಿದ್ದು ಮುಖ್ಯವಾಗಿ ಹೆಲಿಕಾಪ್ಟರ್‌ಗಳ ಮೇಲೆ. ತೇಲುವ ಪಿ.ಟಿ.-76 ಟ್ಯಾಂಕುಗಳೂ ಇದ್ದವು. ಅಷ್ಟು ಅಗಲದ ಹೊಳೆಯಲ್ಲಿ ಎಂಜಿನ್ ಕಾದಾಗ ಎಳೆದುಕೊಂಡು ಹೋಗಲು ಅಲ್ಲಿನ ನಾಡದೋಣಿಗಳೇ ನೆರವಾದವು. ಅಜ್ಜನಿಗೆ ಇದನ್ನು ಹೇಳಿದಾಗ ಅವರ ಮುಖ ನೋಡಬೇಕಿತ್ತು!

ಕರ್ನಾಟಕದ ಪಾತ್ರ ಬೇರೆ ರೀತಿಯದು. ಕೆ.ಜಿ.ಎಫ್., ಮೈಸೂರುಗಳಲ್ಲಿ ಕಾರ್ಖಾನೆಗಳಿರುವ ಬೆಮೆಲ್ 1986ರಲ್ಲಿ ಟಾಟ್ರಾ ಲಾರಿಗಳ ತಯಾರಿಕೆಗೆ ಒಪ್ಪಂದ ಮಾಡಿಕೊಂಡಿತು. ಸೇನೆಯ ತೇಲುಸೇತುವೆಯ ಭಾಗಗಳು ಇಂಥ ಲಾರಿಗಳ ಬೆನ್ನೇರಿ ಹೊಳೆದಂಡೆಗೆ ಬರುತ್ತವೆ. ಅಂದರೆ ಲಾರಿ ಈಜುವುದಿಲ್ಲ, ದೋಣಿಯನ್ನು ಹೊತ್ತು ತರುತ್ತದೆ. ಎರಡೂ ತಮ್ಮ ತಮ್ಮ ಕೆಲಸವನ್ನು ಚೆನ್ನಾಗಿ ಮಾಡುತ್ತವೆ. ಉಭಯಚರ ಲಾರಿಗಳು ಹಿಂದೆ ಬಿದ್ದದ್ದಕ್ಕೆ ಇದು ಮುಖ್ಯ ಕಾರಣ. ಆದರೂ ಪ್ರಯತ್ನ ನಿಂತಿಲ್ಲ. ವಾಹನವೇ ನೀರಿಗಿಳಿದು ಸೇತುವೆಯೋ ದಾಟುದೋಣಿಯೋ ಆಗುವ ವ್ಯವಸ್ಥೆಯನ್ನು ಡಿ.ಆರ್.ಡಿ.ಒ. ರೂಪಿಸಿತು. ಡಿ.ಆರ್.ಡಿ.ಒ. ಮತ್ತು ಟಾಟಾ ಸೇರಿ ಮಾಡಿದ ಎಂಟು ಚಕ್ರದ 'ವ್ಯಾಪ್' ಕವಚವಾಹನ ನೀರಲ್ಲೂ ಹೋಗುತ್ತದೆ. ದೊಡ್ಡ ಬಲೂನಿನಂಥ ಟೈರುಗಳ ಬಲದಲ್ಲೇ ತೇಲುವ 'ಏಟರ್' ವಾಹನವನ್ನು ಸೇನೆ 2025ರ ಪಂಜಾಬ್ ಪ್ರವಾಹದಲ್ಲಿ ಇಳಿಸಿತು.

ನಮ್ಮ ಲಾರಿ ಮುಳುಗಿದ್ದು

ಕೊನೆಗೆ ನಾವೂ ಒಂದು ಮಾಡಿದೆವು. 60 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲದ ತಗಡಿನ ಮೈ, ಬ್ಯಾಟರಿ, ಮೋಟರ್ ಸೇರಿ 6 ಕೆ.ಜಿ. ಲೆಕ್ಕದ ಪ್ರಕಾರ 4 ಸೆಂ.ಮೀ. ಮುಳುಗಬೇಕು. ಮಳವಳ್ಳಿ ಕಡೆಯ ಗೆಳೆಯನ ತೋಟದ ಕೃಷಿಹೊಂಡಕ್ಕೆ ಬಿಟ್ಟಾಗ ಹತ್ತಿರ ಹತ್ತಿರ ಅಷ್ಟೇ ಮುಳುಗಿತು. ಕುಣಿದಾಡಿದೆವು. ಏಳೇ ನಿಮಿಷ. ಶಾಫ್ಟ್ ತೂತಿಗೆ ಮೆತ್ತಿದ್ದ ಎಂ-ಸೀಲ್ ಅದುರಿ ಬಿರುಕು ಬಿಟ್ಟಿತ್ತು. ಒಳಗೆ ಒಂದೂವರೆ ಲೀಟರಿನಷ್ಟು ನೀರು ಸೇರಿದ್ದೇ ತಡ, ಅದೆಲ್ಲ ಒಂದು ಪಕ್ಕಕ್ಕೆ ಹರಿದು, ಲಾರಿ ವಾಲಿ ಮಗುಚಿತು. ಅಗಲವಾದ ತಟ್ಟೆಯಲ್ಲಿ ನೀರು ಹಿಡಿದು ನಡೆದರೆ ಯಾಕೆ ಚೆಲ್ಲುತ್ತದೋ ಅದೇ ಕಾರಣ. ತೂಕಕ್ಕಿಂತ, ಒಳಗೆ ಓಡಾಡುವ ನೀರು ಹೆಚ್ಚು ಅಪಾಯ.

ಎರಡನೇ ಸಲ ಒಳಗೆ ಎರಡು ಅಡ್ಡಗೋಡೆ ಹಾಕಿದೆವು. ಮುಂದೆ ಹಿಂದೆ ಮುಚ್ಚಿದ ಖಾಲಿ ಡಬ್ಬಗಳನ್ನಿಟ್ಟೆವು. ಶಾಫ್ಟಿಗೆ ಗ್ರೀಸ್ ತುಂಬಿದ ಸರಿಯಾದ ಸೀಲು ಹಾಕಿದೆವು. ಬೇಕೆಂದೇ ತೂತು ತೆರೆದುಬಿಟ್ಟೆವು. ಕುತ್ತಿಗೆವರೆಗೂ ನೀರಲ್ಲಿಳಿಯಿತು, ಆದರೆ ಮುಳುಗಲಿಲ್ಲ. ನಮ್ಮ ಪ್ರಾಜೆಕ್ಟ್ ವರದಿಯಲ್ಲಿ ವೇಗದ ಅಂಕಿಯ ಮೊದಲು ಬರೆದದ್ದು ಇದನ್ನೇ.

ನೀವೂ ಬಿಡಿಸಿ ನೋಡಿ

1. ನಿಮ್ಮ ಮನೆಯ ಕಾರಿನ ತೂಕ, ಉದ್ದ, ಅಗಲ, ನೆಲದಂತರ ಅಳೆದು, ಎಷ್ಟು ನೀರಿಗೆ ಅದು ಹಿಡಿತ ಬಿಡುತ್ತದೆ ಲೆಕ್ಕ ಹಾಕಿ. ಮಳೆಗಾಲದಲ್ಲಿ ಕೆಳಸೇತುವೆಯ ಮುಂದೆ ನಿಂತಾಗ ಆ ಅಂಕಿ ನೆನಪಿರಲಿ.

2. ಮೇಲೆ ಹೇಳಿದ ಹರಿಗೋಲಿಗೆ ಹದಿನಾರು ಜನ ಹತ್ತಿದರೆ ಎಷ್ಟು ಮುಳುಗುತ್ತದೆ? ಅಂಚಿನ ಎತ್ತರ 45 ಸೆಂ.ಮೀ. ಇದ್ದರೂ ಅದು ಯಾಕೆ ಸುರಕ್ಷಿತವಲ್ಲ? (ಸುಳಿವು: ಎಲ್ಲರೂ ಒಂದೇ ಕಡೆ ಬಾಗಿ ಫೋಟೋ ತೆಗೆದರೆ?)

3. 8.2 ಟನ್ನಿನ ಡಕ್ ಪೂರ್ತಿ ನೀರು ತುಂಬಿಯೂ ತೇಲಬೇಕಾದರೆ ಎಷ್ಟು ಫೋಮ್ ಬೇಕು? ಉಕ್ಕಿನ ಸಾಂದ್ರತೆ 7850 ಎಂದು ಹಿಡಿದು, ಪೂರ್ತಿ ಉಕ್ಕೇ ಎಂದುಕೊಂಡು ಮಾಡಿ. ಉತ್ತರ ಸುಮಾರು 7 ಘನ ಮೀಟರ್ ಬರಬೇಕು. ಅಷ್ಟನ್ನು ಆ ಲಾರಿಯಲ್ಲಿ ಎಲ್ಲಿಡುತ್ತೀರಿ? ಜಾಗ ಹೊಳೆದರೆ ನಮಗೂ ತಿಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.