ಐದು ವ್ಯಾಟ್ ದನಿ ಎಷ್ಟು ದೂರ ಹೋಗುತ್ತದೆ?

ನಮ್ಮ ಮನೆಯಲ್ಲಿ ದಾದಾ ಅವರ ಹಳೆಯ ಶಾರ್ಟ್‌ವೇವ್ ರೇಡಿಯೊ ಇದೆ. ಕಳೆದ ರಜೆಯಲ್ಲಿ ಒಂದು ಮಧ್ಯಾಹ್ನ ಅದರ ಮುಳ್ಳನ್ನು 41 ಮೀಟರ್ ಬ್ಯಾಂಡಿಗೆ ತಿರುಗಿಸಿದೆ. ಬರೀ ಗರಗರ ಶಬ್ದ. ಕೆಟ್ಟಿದೆ ಎಂದುಕೊಂಡು ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯ ಚಾಚಾ ತೆರೆದು ನೋಡಿ, "ಇದರಲ್ಲಿ ಏನೂ ಕೆಟ್ಟಿಲ್ಲ ಬೇಟಾ, ಮಗ್ರಿಬ್ ಆದಮೇಲೆ ಹಾಕಿ ನೋಡು" ಎಂದರು. ದುಡ್ಡೂ ತೆಗೆದುಕೊಳ್ಳಲಿಲ್ಲ. ಆ ಸಂಜೆ ಅದೇ ರೇಡಿಯೊದಲ್ಲಿ, ಅದೇ ಬ್ಯಾಂಡಿನಲ್ಲಿ ನಾಲ್ಕಾರು ಭಾಷೆಯ ಸ್ಟೇಷನ್‌ಗಳು ಬಂದವು.

ಮಧ್ಯಾಹ್ನಕ್ಕೂ ಸಂಜೆಗೂ ಏನು ಬದಲಾಯಿತು? ಈ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ಹವ್ಯಾಸಿ ರೇಡಿಯೊ, ಅಂದರೆ ಹ್ಯಾಮ್ ರೇಡಿಯೊ ಪ್ರಪಂಚ ಸಿಕ್ಕಿತು. ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಅರ್ಥವಾದಷ್ಟನ್ನು ಇಲ್ಲಿ ಬರೆದಿದ್ದೇನೆ.

ಆಕಾಶದಲ್ಲಿರುವ ಪದರಗಳು

1901ರ ಡಿಸೆಂಬರಿನಲ್ಲಿ ಮಾರ್ಕೋನಿ ಅಟ್ಲಾಂಟಿಕ್ ಸಾಗರದ ಆಚೆಯಿಂದ ಸಂಕೇತ ಪಡೆದಾಗ ವಿಜ್ಞಾನಿಗಳಿಗೆ ಆಶ್ಚರ್ಯವಾಯಿತು. ಭೂಮಿ ಗುಂಡಗಿದೆ, ಅಲೆ ನೇರವಾಗಿ ಹೋಗುತ್ತದೆ, ಹಾಗಾದರೆ ತಲುಪಿದ್ದು ಹೇಗೆ? ಮರುವರ್ಷವೇ ಕೆನೆಲಿ ಮತ್ತು ಹೆವಿಸೈಡ್, ವಾತಾವರಣದ ಮೇಲ್ಭಾಗದಲ್ಲಿ ವಿದ್ಯುತ್ ಗುಣವಿರುವ ಪದರವೊಂದು ಅಲೆಗಳನ್ನು ಕೆಳಕ್ಕೆ ತಿರುಗಿಸುತ್ತಿರಬೇಕು ಎಂದು ಬೇರೆ ಬೇರೆಯಾಗಿ ಊಹಿಸಿದರು. 1924ರಲ್ಲಿ ಆಪಲ್ಟನ್ ಅದನ್ನು ಪ್ರಯೋಗದಿಂದ ತೋರಿಸಿದರು. ಅವರಿಗೆ 1947ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನಮ್ಮ ದೇಶದಲ್ಲಿ ಕಲ್ಕತ್ತೆಯ ಶಿಶಿರ್ ಕುಮಾರ್ ಮಿತ್ರ ಅವರು ಇದೇ ವಿಷಯದಲ್ಲಿ ದೊಡ್ಡ ಕೆಲಸ ಮಾಡಿದ್ದಾರೆ.

ಈ ಭಾಗಕ್ಕೆ ಅಯಾನುಗೋಳ ಎಂದು ಹೆಸರು. ಸೂರ್ಯನ ಕಿರಣಗಳೇ ಅದನ್ನು ಉಂಟುಮಾಡುತ್ತವೆ. ಸುಮಾರು 60ರಿಂದ 90 ಕಿಲೋಮೀಟರ್ ಎತ್ತರದಲ್ಲಿರುವ 'ಡಿ' ಪದರ ಹಗಲಿನಲ್ಲಿ ಮಾತ್ರ ಬಲವಾಗಿರುತ್ತದೆ. ಇದು 7 ಮೆಗಾಹರ್ಟ್ಸ್‌ನಂತಹ ಕೆಳಗಿನ ಶಾರ್ಟ್‌ವೇವ್ ಅಲೆಗಳ ಶಕ್ತಿಯನ್ನು ಹೀರುತ್ತದೆ. ಸೂರ್ಯ ಮುಳುಗಿದ ಮೇಲೆ ಇದು ಬೇಗ ಕರಗುತ್ತದೆ. ಆದರೆ ಇನ್ನೂ ಮೇಲಿರುವ 'ಎಫ್' ಪದರ ರಾತ್ರಿಯೂ ಉಳಿದು ಅಲೆಗಳನ್ನು ನೆಲಕ್ಕೆ ಮರಳಿಸುತ್ತದೆ. ಅಂಗಡಿ ಚಾಚಾ ಹೇಳಿದ್ದು ಇದನ್ನೇ. 14 ಮೆಗಾಹರ್ಟ್ಸ್ ಹೆಚ್ಚಾಗಿ ಹಗಲಿನ ಬ್ಯಾಂಡ್. 28 ಮೆಗಾಹರ್ಟ್ಸ್ ಚೆನ್ನಾಗಿ ಕೆಲಸ ಮಾಡುವುದು ಹಗಲಿನಲ್ಲಿ, ಅದೂ ಸೂರ್ಯ ಚುರುಕಾಗಿರುವ ವರ್ಷಗಳಲ್ಲಿ.

ಕಡಿಮೆ ಶಕ್ತಿಯ ಲೆಕ್ಕ

ಹ್ಯಾಮ್‌ಗಳಲ್ಲಿ ಕೆಲವರು ಬೇಕೆಂದೇ 5 ವ್ಯಾಟ್ ಅಥವಾ ಅದಕ್ಕಿಂತ ಕಡಿಮೆ ಶಕ್ತಿಯಲ್ಲಿ ಪ್ರಯೋಗ ಮಾಡುತ್ತಾರೆ. ಮನೆಯ ಎಲ್‌ಇಡಿ ಬಲ್ಬೇ 9 ವ್ಯಾಟ್ ಇರುತ್ತದೆ! 100 ವ್ಯಾಟ್ ಇರುವವರ ಮುಂದೆ ಇದು ಇಪ್ಪತ್ತರಲ್ಲಿ ಒಂದು ಪಾಲು. ಆದರೆ ನಷ್ಟ ಅಷ್ಟು ದೊಡ್ಡದಲ್ಲ. ರೇಡಿಯೊದಲ್ಲಿ ಲೆಕ್ಕ ಡೆಸಿಬಲ್‌ನಲ್ಲಿ. 10 ಪಟ್ಟು ಎಂದರೆ 10 ಡೆಸಿಬಲ್, ಎರಡು ಪಟ್ಟು ಎಂದರೆ 3 ಡೆಸಿಬಲ್. 20 ಪಟ್ಟು ಎಂದರೆ 13 ಡೆಸಿಬಲ್. ರಿಸೀವರ್‌ನ ಮೀಟರಿನಲ್ಲಿ ಒಂದು 'ಎಸ್' ಮನೆಗೆ 6 ಡೆಸಿಬಲ್. ಅಂದರೆ ಕಡಿಮೆಯಾಗುವುದು ಎರಡು ಮನೆಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ದಾರಿ ತೆರೆದಿದ್ದರೆ 5 ವ್ಯಾಟ್ ಸಾಕು. ದಾರಿ ಮುಚ್ಚಿದ್ದರೆ 100 ವ್ಯಾಟ್ ಇದ್ದರೂ ಉಪಯೋಗವಿಲ್ಲ.

ಇದನ್ನು ದಿನವೂ ಪರೀಕ್ಷಿಸಲು 'ವಿಸ್ಪರ್' ಎಂಬ ವಿಧಾನವಿದೆ. 1993ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಜೋ ಟೇಲರ್ 2008ರಲ್ಲಿ ಇದನ್ನು ಹೊರತಂದರು. ಅವರೂ ಒಬ್ಬ ಹ್ಯಾಮ್. ಕರೆಸಂಕೇತ, ಇರುವ ಜಾಗ, ಶಕ್ತಿ, ಈ ಮೂರನ್ನು ಮಾತ್ರ ಸುಮಾರು ಎರಡು ನಿಮಿಷ ತೆಗೆದುಕೊಂಡು ನಿಧಾನವಾಗಿ ಕಳುಹಿಸುತ್ತಾರೆ. ಈ ನಿಧಾನದಿಂದಾಗಿ, ಸುತ್ತಲಿನ ಗದ್ದಲಕ್ಕಿಂತ ಸುಮಾರು 600 ಪಟ್ಟು ದುರ್ಬಲವಾದ ಸಂಕೇತವನ್ನೂ ಕಂಪ್ಯೂಟರ್ ಗುರುತಿಸಬಲ್ಲದು. ಒಂದು ವ್ಯಾಟ್‌ನ ಐದನೇ ಒಂದು ಭಾಗದಲ್ಲಿ ಕಳುಹಿಸಿದ್ದು ಸಾವಿರಾರು ಕಿಲೋಮೀಟರ್ ದೂರದಲ್ಲಿ ಸಿಗುತ್ತದೆ. ಯಾರದ್ದು ಎಲ್ಲಿ ಕೇಳಿಸಿತು ಎಂಬುದು ಇಂಟರ್‌ನೆಟ್ಟಿನ ನಕ್ಷೆಯಲ್ಲಿ ಕಾಣುತ್ತದೆ. ಅದನ್ನು ಯಾರು ಬೇಕಾದರೂ ನೋಡಬಹುದು.

ದಿನದ ಎರಡು ಸಂಖ್ಯೆಗಳು

ಷೇರುಪೇಟೆಗೆ ಸೂಚ್ಯಂಕ ಇರುವಂತೆ ಇಲ್ಲಿಯೂ ಇದೆ. ಮೊದಲನೆಯದು ಸೌರ ಹರಿವಿನ ಸಂಖ್ಯೆ. ಇದನ್ನು ಕೆನಡಾದಲ್ಲಿ 1947ರಿಂದ ಅಳೆಯುತ್ತಿದ್ದಾರೆ. ಸೂರ್ಯ ಮಂಕಾಗಿದ್ದಾಗ 70ರ ಆಸುಪಾಸು, ಚುರುಕಾಗಿದ್ದಾಗ 150, 200 ದಾಟುತ್ತದೆ. ಇದು ಹೆಚ್ಚಿದ್ದರೆ ಮೇಲಿನ ಬ್ಯಾಂಡುಗಳಿಗೆ ಒಳ್ಳೆಯದು. ಎರಡನೆಯದು 'ಕೆ' ಸೂಚ್ಯಂಕ, 0ರಿಂದ 9ರವರೆಗೆ. ಇದು ಭೂಮಿಯ ಕಾಂತಕ್ಷೇತ್ರದ ಕಲಕಾಟವನ್ನು ಹೇಳುತ್ತದೆ. 5 ಅಥವಾ ಅದಕ್ಕಿಂತ ಹೆಚ್ಚಾದರೆ ಬಿರುಗಾಳಿ ಎಂದರ್ಥ. 2024ರ ಮೇ 10 ಮತ್ತು 11ರಂದು ಇದು 9 ಮುಟ್ಟಿತ್ತು. ಆಗ ಲಡಾಖಿನ ಹಾನ್ಲೆಯಲ್ಲಿ ರಾತ್ರಿ ಆಕಾಶ ಕೆಂಪಾಗಿ ಕಂಡಿತು.

ನನ್ನ ರೋಜು ಪುಸ್ತಕ ಮತ್ತು ಒಂದು ತಪ್ಪು

ನಾನು ಹದಿನೈದು ದಿನ ರೇಡಿಯೊ ಕೇಳಿ, ನಕ್ಷೆ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಮೊದಲ ವಾರದ ಲೆಕ್ಕ ಪೂರಾ ತಲೆಕೆಳಗಾಗಿತ್ತು. ಮಧ್ಯಾಹ್ನ 2 ಗಂಟೆಗೆ 7 ಮೆಗಾಹರ್ಟ್ಸ್ ಬಹಳ ಚೆನ್ನಾಗಿದೆ ಎಂದು ನನ್ನ ಪುಸ್ತಕ ಹೇಳುತ್ತಿತ್ತು! ಓದಿದ್ದೇ ಸುಳ್ಳೇನೋ ಅನ್ನಿಸಿತು. ಆಮೇಲೆ ಗೊತ್ತಾಯಿತು, ನಕ್ಷೆಯ ಸಮಯ ಯುಟಿಸಿ. ನಮ್ಮ ಸಮಯಕ್ಕೆ 5 ಗಂಟೆ 30 ನಿಮಿಷ ಕೂಡಿಸಬೇಕು. ಆಗ ಅದು ಸಂಜೆ 7.30. ಒಂದು ನಮೂದು ತಪ್ಪಾದರೆ ತಾಳೆಪಟ್ಟಿ ಕೂಡದು ಎಂದು ಅಕೌಂಟೆನ್ಸಿ ತರಗತಿಯಲ್ಲಿ ಎಷ್ಟು ಸಲ ಕೇಳಿದ್ದೇನೆ! ಹಳೆಯದನ್ನು ಅಳಿಸದೆ, ಒಂದು ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದೆ. ಏನೂ ಕೇಳದ ದಿನಗಳಲ್ಲಿ ಪುಟ ಖಾಲಿ ಬಿಡಬೇಕೆಂದು ಆಸೆಯಾಗಿತ್ತು. ಆದರೆ ಸೊನ್ನೆಯನ್ನೂ ಬರೆದಿದ್ದರಿಂದಲೇ 'ಕೆ' ಹೆಚ್ಚಿದ ದಿನಕ್ಕೂ ಮೌನಕ್ಕೂ ಇರುವ ಸಂಬಂಧವನ್ನು ಹುಡುಕಲು ಸಾಧ್ಯವಾಯಿತು.

ನೀವೂ ಮಾಡಿ ನೋಡಿ

1. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹತ್ತು ಹತ್ತು ನಿಮಿಷ ಶಾರ್ಟ್‌ವೇವ್ ರೇಡಿಯೊ ಕೇಳಿ. ರೇಡಿಯೊ ಇಲ್ಲದವರು ವಿಸ್ಪರ್ ನಕ್ಷೆ ನೋಡಿ.
2. ದಿನಾಂಕ, ಸಮಯ, ಬ್ಯಾಂಡ್, ಕೇಳಿದ ಸ್ಟೇಷನ್‌ಗಳ ಸಂಖ್ಯೆ, 'ಕೆ' ಸೂಚ್ಯಂಕ, ಹೀಗೆ ಐದು ಕಾಲಂ ಹಾಕಿ.
3. ಸೂರ್ಯೋದಯ, ಸೂರ್ಯಾಸ್ತದ ನಿಮಿಷವನ್ನೂ ಗುರುತಿಸಿ. ಮನೆಯ ಗೋಡೆಯಲ್ಲಿರುವ ನಮಾಜ್ ವೇಳಾಪಟ್ಟಿಯಲ್ಲೇ ಅದು ಸಿಗುತ್ತದೆ.

ಒಂದು ಎಚ್ಚರಿಕೆ: ಲೈಸೆನ್ಸ್ ಇಲ್ಲದೆ ಪ್ರಸಾರ ಮಾಡುವುದು ಅಪರಾಧ, ಶಕ್ತಿ ಎಷ್ಟೇ ಕಡಿಮೆಯಿರಲಿ. ಲೈಸೆನ್ಸಿಗೆ ಕೇಂದ್ರ ಸರ್ಕಾರದ ಪರೀಕ್ಷೆ ಇದೆ. ಅದರಲ್ಲಿ ರೇಡಿಯೊ ಸಿದ್ಧಾಂತವೂ ನಿಯಮಗಳೂ ಬರುತ್ತವೆ. ಸೈನ್ಸ್, ಕಾಮರ್ಸ್, ಆರ್ಟ್ಸ್ ಎಂಬ ಭೇದವಿಲ್ಲ. ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ನಾನು ಬರೆಯಬೇಕೆಂದಿದ್ದೇನೆ. ಜೊತೆಗೆ ಓದಲು ಯಾರಾದರೂ ಸಿಕ್ಕರೆ ಸಂತೋಷ. ಅಲ್ಲಿಯವರೆಗೆ ದಾದಾ ಅವರ ರೇಡಿಯೊ ಮತ್ತು ನೋಟ್‌ಬುಕ್ ಇದ್ದೇ ಇವೆ.