ಟವರ್ ಪಕ್ಕದ ಮನೆ, ದುರ್ಬಲ ಕ್ಷೇತ್ರ, ನಮ್ಮ ಜೀವಕೋಶ

ಪ್ರಶ್ನೆ: ನಮ್ಮ ಮನೆ ಹತ್ತಿರ ಮೊಬೈಲ್ ಟವರ್ ಬಂದಿದೆ. ಶರಾವತಿ ಸೇತುವೆ ಮೇಲೆ ರೈಲಿಗೂ ಕರೆಂಟ್ ತಂತಿ ಎಳೆದಿದ್ದಾರೆ. ಇವುಗಳಿಂದ ಜೀವಕೋಶಗಳಿಗೆ ಹಾನಿ ಇದೆಯೇ?
– ಓದುಗರೊಬ್ಬರು, ಮಾವಿನಕುರ್ವೆ, ಹೊನ್ನಾವರ

ಉತ್ತರ: ಎರಡೂ ಬೇರೆ ಬೇರೆ. 2022ರಲ್ಲಿ ಪೂರ್ತಿ ವಿದ್ಯುದೀಕರಣಗೊಂಡ ಕೊಂಕಣ ರೈಲ್ವೆಯ ತಂತಿಯಲ್ಲಿರುವುದು ಮನೆಯ ಕರೆಂಟಿನಂತೆಯೇ 50 ಹರ್ಟ್ಜ್ ವಿದ್ಯುತ್, ಒತ್ತಡ ಮಾತ್ರ 25,000 ವೋಲ್ಟ್. ಟವರಿನ ಅಲೆಗಳಾದರೋ ಸೆಕೆಂಡಿಗೆ ಕೋಟಿಗಟ್ಟಲೆ ಸಲ ಕಂಪಿಸುತ್ತವೆ. ಹಾಗಿದ್ದರೂ ಎಕ್ಸ್-ರೇಯಂತೆ ಡಿಎನ್‌ಎಯ ಬಂಧ ಮುರಿಯುವ ಶಕ್ತಿ ಅವಕ್ಕಿಲ್ಲ. ನಮ್ಮ ಮೈಬಿಸಿಗೇ ಅಣುಗಳು ಅಲುಗಾಡುತ್ತಿರುತ್ತವಲ್ಲ, ಆ ಶಕ್ತಿಯೇ ಟವರ್ ಅಲೆಯ ಒಂದು ಫೋಟಾನಿನ ಶಕ್ತಿಗಿಂತ ಸಾವಿರಾರು ಪಟ್ಟು ಹೆಚ್ಚು. ಅಲೆ ತೀವ್ರವಾಗಿದ್ದರೆ ಅಂಗಾಂಶ ಬಿಸಿಯಾಗುತ್ತದೆ. ಸುರಕ್ಷಾ ಮಿತಿಗಳನ್ನು ಹಾಕಿರುವುದು ಮುಖ್ಯವಾಗಿ ಇದಕ್ಕೆ.

ಹಾಗೆಂದು ದುರ್ಬಲ ವಿದ್ಯುತ್ಕಾಂತೀಯ ಕ್ಷೇತ್ರ ಜೀವಿಗಳಿಗೆ ತಟ್ಟುವುದೇ ಇಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ನಿಮ್ಮ ನೆರೆಯ ಕಾಸರಕೋಡ ಟೊಂಕದ ಮರಳಿಗೆ ಮೊಟ್ಟೆಯಿಡಲು ಕಡಲಾಮೆಗಳು ಬರುತ್ತವೆ. ನಮ್ಮ ಕರಾವಳಿಯಲ್ಲಿ ಸುಮಾರು 40 ಮೈಕ್ರೋಟೆಸ್ಲಾ ಮಾತ್ರ ಇರುವ ಭೂಮಿಯ ಕಾಂತಕ್ಷೇತ್ರವನ್ನು ಕಡಲಾಮೆಗಳು ದಾರಿಗುರುತಾಗಿ ಬಳಸುತ್ತವೆ ಎಂಬುದು ಲಾಗರ್‌ಹೆಡ್ ಆಮೆಗಳ ಪ್ರಯೋಗಗಳಲ್ಲಿ ಕಂಡಿದೆ. ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ರಾಬಿನ್ ಹಕ್ಕಿಗಳು ನಗರದ ವಿದ್ಯುತ್ಕಾಂತೀಯ ಗದ್ದಲದ ನಡುವೆ ದಿಕ್ಕು ತಪ್ಪಿದವು. ಹಕ್ಕಿಗಳನ್ನಿಟ್ಟಿದ್ದ ಗುಡಿಸಲಿಗೆ ಅಲ್ಯೂಮಿನಿಯಂ ತಗಡು ಹೊದಿಸಿ ನೆಲಕ್ಕೆ ತಂತಿ ಕೊಟ್ಟ ಮೇಲೆ ದಿಕ್ಕು ಮತ್ತೆ ಸಿಕ್ಕಿತು. ಈ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಅಲ್ಲಿ ತೊಂದರೆ ಕೊಟ್ಟದ್ದು ಮೊಬೈಲ್ ಅಲೆಯಲ್ಲ, ಅದಕ್ಕಿಂತ ಬಹಳ ಕಡಿಮೆ ಆವರ್ತನದ ಅಲೆ. ಕೂಡದ ಮೂಳೆಯನ್ನು ಬೆಸೆಯಲು ಮಿಡಿಯುವ ಕಾಂತಕ್ಷೇತ್ರದ ಚಿಕಿತ್ಸೆಗೆ ಅಮೆರಿಕ 1979ರಲ್ಲೇ ಅನುಮತಿ ಕೊಟ್ಟಿತು. ಪರಿಣಾಮ ಇದೆ ಎಂದಮಾತ್ರಕ್ಕೆ ಅದು ರೋಗವಾಗಬೇಕಿಲ್ಲ.

ಇನ್ನು ರೋಗದ ಮಾತು. ಸರಾಸರಿ 0.4 ಮೈಕ್ರೋಟೆಸ್ಲಾ ಮೀರಿದ 50-60 ಹರ್ಟ್ಜ್ ಕ್ಷೇತ್ರವಿರುವ ಮನೆಗಳ ಮಕ್ಕಳಲ್ಲಿ ರಕ್ತಕ್ಯಾನ್ಸರ್ ಸುಮಾರು ಎರಡು ಪಟ್ಟು ಎಂದು 2000ನೇ ಇಸವಿಯ ಒಟ್ಟುಗೂಡಿಸಿದ ವಿಶ್ಲೇಷಣೆ ಹೇಳಿತು. ಅಂಥ ಮನೆಗಳೇ ತೀರ ಕಡಿಮೆ, ಕಾರಣವೂ ಸಾಬೀತಾಗಿಲ್ಲ. ಮೊಬೈಲ್ ಅಲೆಗಳನ್ನು 2011ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ‘ಕ್ಯಾನ್ಸರ್‌ಕಾರಕ ಇರಬಹುದು’ ಎಂಬ ಗುಂಪಿಗೆ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ 2024ರ ಪರಾಮರ್ಶೆಯಲ್ಲಿ ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರ್‌ಗೂ ನಂಟು ಕಂಡುಬಂದಿಲ್ಲ.

ಭಾರತ 2012ರ ಸೆಪ್ಟೆಂಬರ್ 1ರಿಂದ ಟವರ್ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದಕ್ಕೆ ಇಳಿಸಿತು. ದೂರದ ಟವರಿಗಿಂತ ಕಿವಿಗಂಟಿದ ಫೋನೇ ತಲೆಗೆ ಹೆಚ್ಚು ಅಲೆ ಕೊಡುತ್ತದೆ. ಸಿಗ್ನಲ್ ಸಿಗದ ಜಾಗದಲ್ಲಿ ಫೋನ್ ಇನ್ನಷ್ಟು ಜೋರಾಗಿ ಬಿತ್ತರಿಸುತ್ತದೆ. ಆದ್ದರಿಂದ ದೀರ್ಘ ಮಾತಿಗೆ ಇಯರ್‌ಫೋನ್ ಬಳಸಿ, ಮಕ್ಕಳ ದಿಂಬಿನಡಿ ಫೋನ್ ಬಿಡಬೇಡಿ. ಟವರಿನ ಬಗ್ಗೆ ಅನುಮಾನ ಉಳಿದರೆ ಊಹಾಪೋಹಕ್ಕೆ ಕಿವಿಗೊಡದೆ, ದೂರಸಂಪರ್ಕ ಇಲಾಖೆಯ ‘ತರಂಗ ಸಂಚಾರ್’ ಮೂಲಕ ಶುಲ್ಕ ಕಟ್ಟಿ ಅಳತೆ ಮಾಡಿಸಿ.