ಜಾಲತಾಣದಲ್ಲಿ ಇ-ಮೇಲ್ ವಿಳಾಸ: ವರ್ತಕರು ವಹಿಸಬೇಕಾದ ಎಚ್ಚರಿಕೆ

ಮಾಚೇನಹಳ್ಳಿಯ ಎರಕದ ಘಟಕವಾಗಲಿ, ಶಿವಮೊಗ್ಗ ಗಾಂಧಿ ಬಜಾರಿನ ಸಗಟು ಅಂಗಡಿಯಾಗಲಿ, ಇಂದು ತನ್ನದೇ ಜಾಲತಾಣ ಹೊಂದಿರುವುದು ಸಾಮಾನ್ಯ ಸಂಗತಿ. ಅದರ ಕೆಳಭಾಗದಲ್ಲಿ ಸಂಸ್ಥೆಯ ಇ-ಮೇಲ್ ವಿಳಾಸವನ್ನು ಯಥಾವತ್ತಾಗಿ ಪ್ರಕಟಿಸಿರುತ್ತಾರೆ. ಅನೇಕರು ಅದೇ ವಿಳಾಸವನ್ನು ಜಿಎಸ್‌ಟಿ ನೋಂದಣಿಗೂ ಬ್ಯಾಂಕಿಗೂ ನೀಡಿರುತ್ತಾರೆ. ತೊಂದರೆ ಆರಂಭವಾಗುವುದು ಇಲ್ಲಿಂದಲೇ.

ಭದ್ರಾವತಿಯ ನನ್ನ ಕಕ್ಷಿದಾರರೊಬ್ಬರ ಅಂಚೆಪೆಟ್ಟಿಗೆಗೆ ದಿನವೂ ನೂರಕ್ಕೆ ಮೀರಿದ ಅನಪೇಕ್ಷಿತ ಪತ್ರಗಳು, ಅಂದರೆ ಸ್ಪ್ಯಾಮ್, ಬರುತ್ತಿದ್ದವು. ಗುಮಾಸ್ತರು ಅವನ್ನು ರಾಶಿರಾಶಿಯಾಗಿ ಅಳಿಸುವುದನ್ನು ರೂಢಿ ಮಾಡಿಕೊಂಡಿದ್ದರು. ಆ ರಾಶಿಯಲ್ಲಿ ಜಿಎಸ್‌ಟಿ ನೋಂದಣಿ ರದ್ದತಿಯ ಕಾರಣ ಕೇಳುವ ನೋಟೀಸೂ ಹೋಯಿತು. ಉತ್ತರಿಸಲು ಇರುವ ಅವಧಿ ಏಳು ಕೆಲಸದ ದಿನಗಳು ಮಾತ್ರ. ವಿಷಯ ತಿಳಿಯುವಷ್ಟರಲ್ಲಿ ನೋಂದಣಿ ರದ್ದಾಗಿತ್ತು. ಅದನ್ನು ಮರಳಿ ಪಡೆಯುವವರೆಗೆ ಖರೀದಿದಾರರು ಸರಕು ಎತ್ತಲು ಒಪ್ಪಲಿಲ್ಲ. ನೋಂದಣಿಯ ವೇಳೆ ನೀಡಿದ ಇ-ಮೇಲ್ ವಿಳಾಸಕ್ಕೆ ಕಳುಹಿಸಿದರೆ ನೋಟೀಸು ಜಾರಿಯಾದಂತೆಯೇ ಎಂದು 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 169ನೇ ಪ್ರಕರಣ ಹೇಳುತ್ತದೆ. 'ಕಣ್ಣಿಗೆ ಬೀಳಲಿಲ್ಲ' ಎಂಬ ಸಮಜಾಯಿಷಿ ಅಲ್ಲಿ ನಡೆಯದು.

ವಿಳಾಸ ಹೆಕ್ಕುವ ತಂತ್ರಾಂಶಕ್ಕೆ ಪುಟದ ಅಂದಚೆಂದ ಬೇಕಿಲ್ಲ. ಅದು ಪುಟದ ಹಿಂದಿರುವ ಎಚ್‌ಟಿಎಂಎಲ್ ಬರಹವನ್ನು ಓದುತ್ತ, ಕೊಂಡಿಯಿಂದ ಕೊಂಡಿಗೆ ಸಾಗುತ್ತ, 'ಆ್ಯಟ್' ಚಿಹ್ನೆಯ ಎರಡೂ ಬದಿ ಅಕ್ಷರಗಳಿರುವ ಕಡೆಗಳನ್ನೆಲ್ಲ ಪಟ್ಟಿ ಮಾಡುತ್ತದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2002ರಲ್ಲಿ 250 ಹೊಸ ವಿಳಾಸಗಳನ್ನು ಅಂತರಜಾಲದ ವಿವಿಧೆಡೆ ಇರಿಸಿ ಪರೀಕ್ಷಿಸಿತು. ಜಾಲಪುಟಗಳಲ್ಲಿ ಹಾಕಿದ್ದವುಗಳ ಪೈಕಿ ಶೇ. 86ರಷ್ಟಕ್ಕೆ ಸ್ಪ್ಯಾಮ್ ಬಂದಿತ್ತು. ಕಾನೂನಿನ ಆಸರೆಯೂ ಕಡಿಮೆ: ವ್ಯಕ್ತಿಯು ತಾನೇ ಸಾರ್ವಜನಿಕಗೊಳಿಸಿದ ದತ್ತಾಂಶವನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ.

ಹಾಗಾದರೆ ವಿಳಾಸವನ್ನೇ ತೆಗೆದುಬಿಡಬಹುದಲ್ಲ ಎಂದು ಕೇಳುವವರುಂಟು. ಆನ್‌ಲೈನ್ ಮಾರಾಟವಿಲ್ಲದ ಏಕಮಾಲೀಕತ್ವದ ಅಂಗಡಿ ಅಥವಾ ಪಾಲುದಾರಿಕೆ ಸಂಸ್ಥೆ ಹಾಗೆ ಮಾಡಬಹುದು. ಕಂಪನಿಗಳಿಗೆ ಆ ಸ್ವಾತಂತ್ರ್ಯವಿಲ್ಲ. ಜಾಲತಾಣವುಳ್ಳ ಕಂಪನಿಯು ತನ್ನ ಹೆಸರು, ನೋಂದಾಯಿತ ಕಚೇರಿ, ದೂರವಾಣಿ ಮುಂತಾದವುಗಳೊಂದಿಗೆ ಇ-ಮೇಲನ್ನೂ ಮುಖಪುಟದಲ್ಲಿ ಪ್ರಕಟಿಸಬೇಕೆಂದು 2014ರ ಕಂಪನಿಗಳ ಸ್ಥಾಪನಾ ನಿಯಮಾವಳಿಯ 26ನೇ ನಿಯಮ ವಿಧಿಸಿದೆ. ಜಾಲತಾಣ ನಿರ್ಮಿಸಿಕೊಡುವ ಹುಡುಗರಿಗೆ ಈ ನಿಯಮ ತಿಳಿದಿರುವುದು ಅಪರೂಪ.

ಆದ್ದರಿಂದ ನಾನು ಸೂಚಿಸುವುದು ಎರಡು ವಿಳಾಸಗಳನ್ನು. ಒಂದು, ವಿಚಾರಣೆಗಳಿಗಾಗಿ ಜಾಲತಾಣದಲ್ಲಿ ತೋರಿಸುವಂಥದ್ದು. ಇನ್ನೊಂದು, ತೆರಿಗೆ ಮತ್ತು ಬ್ಯಾಂಕಿನ ವ್ಯವಹಾರಕ್ಕೆ ಮೀಸಲಾಗಿದ್ದು ಎಲ್ಲಿಯೂ ಪ್ರಕಟವಾಗದಂಥದ್ದು. ಜಿಎಸ್‌ಟಿ ಪೋರ್ಟಲಿನಲ್ಲಿ ಅಧಿಕೃತ ಸಹಿದಾರರ ಇ-ಮೇಲ್ ಬದಲಿಸಲು ಅಧಿಕಾರಿಯ ಅನುಮೋದನೆ ಬೇಕಿಲ್ಲ, ಒಟಿಪಿ ದೃಢೀಕರಣ ಸಾಕು.

ತೋರಿಸುವ ವಿಳಾಸಕ್ಕೂ ತಕ್ಕಮಟ್ಟಿನ ರಕ್ಷಣೆ ಇರಲಿ. 'ಆ್ಯಟ್' ಎಂದು ಅಕ್ಷರಗಳಲ್ಲಿ ಬರೆಯುವ ಹಳೆಯ ಉಪಾಯವನ್ನು ಈಗ ಅನೇಕ ತಂತ್ರಾಂಶಗಳು ಸುಲಭವಾಗಿ ಭೇದಿಸುತ್ತವೆ. ವಿಳಾಸವನ್ನು ಚಿತ್ರವಾಗಿ ಹಾಕಿ, ಅದರ ಹಿಂದೆ 'ಮೇಲ್‌ಟು' ಕೊಂಡಿಯನ್ನು ಉಳಿಸಿದರೆ ಶ್ರಮವೆಲ್ಲ ವ್ಯರ್ಥ. ಜಾವಾಸ್ಕ್ರಿಪ್ಟ್ ಮೂಲಕ ಓದುಗರ ಪರದೆಯ ಮೇಲೆಯೇ ವಿಳಾಸದ ತುಣುಕುಗಳನ್ನು ಜೋಡಿಸುವ ಕ್ರಮ ಇದಕ್ಕಿಂತ ಮೇಲು; ಆದರೂ ಪೂರ್ಣ ಬ್ರೌಸರನ್ನೇ ಬಳಸುವ ತಂತ್ರಾಂಶವನ್ನು ಅದು ತಡೆಯದು. ಕಂಪನಿಯಲ್ಲದವರಿಗೆ ವಿಚಾರಣಾ ನಮೂನೆಯೇ ಉತ್ತಮ. ನಮೂನೆಯ ಗುಪ್ತ ಅಂಕಣದಲ್ಲಿ ವಿಳಾಸ ಇಲ್ಲವೆಂಬುದನ್ನು ಮಾತ್ರ ಖಚಿತಪಡಿಸಿಕೊಳ್ಳಬೇಕು.

ಇದರ ಪರೀಕ್ಷೆಗೆ ತಂತ್ರಜ್ಞರು ಬೇಕಿಲ್ಲ. ಗಣಕಯಂತ್ರದಲ್ಲಿ ನಿಮ್ಮ ಜಾಲತಾಣವನ್ನು ತೆರೆದು, ಕಂಟ್ರೋಲ್ ಮತ್ತು ಯು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಪುಟದ ಮೂಲ ಬರಹ ಕಾಣಿಸುತ್ತದೆ. ಅದರಲ್ಲಿ 'ಆ್ಯಟ್' ಚಿಹ್ನೆಯನ್ನು ಹುಡುಕಿ ನೋಡಿ. ಹಾಗೆಯೇ ಜಾಲತಾಣಕ್ಕೆ ಏರಿಸಿರುವ ಪಿಡಿಎಫ್ ದರಪಟ್ಟಿಗಳನ್ನೂ ತೆರೆದು ನೋಡುವುದು ಒಳಿತು. ಮೀಸಲಿಟ್ಟ ವಿಳಾಸ ಎಷ್ಟೋ ಸಲ ಅಲ್ಲಿ ಉಳಿದಿರುತ್ತದೆ.